ಮಾತನ್ನು ಹಳ್ಳಕ್ಕೆ ಕೊಟ್ಟ ನಾಯಿ

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ ಅದು. ತಾವು ಎಲ್ಲಿ ಕೂರಬೇಕು ಅಂತ ಗುಡ್ಡಗಳು ಆಗಷ್ಟೇ ಗೊತ್ತು ಮಾಡಿಕೊಂಡಿದ್ದವು. ಗಾಳಿಗೆ ದಿಕ್ಕುಗಳ ಹೆಸರು ಇನ್ನೂ ಬಾಯಿಪಾಠ ಆಗಿರಲಿಲ್ಲ.

ಆಗ ಎಲ್ಲರಿಗೂ ಮಾತು ಬರುತ್ತಿತ್ತು. ಕುರಿ ಮಾತಾಡುತ್ತಿತ್ತು, ಕಾಗೆ ಮಾತಾಡುತ್ತಿತ್ತು, ಮುಳ್ಳುಕಂಟಿ ಕೂಡ ಮಾತಾಡುತ್ತಿತ್ತು. ದನಿ ಇಲ್ಲದ್ದು ಹಳ್ಳ ಒಂದಕ್ಕೇ. ಅದು ಬರೀ ಪಿಸುಗುಟ್ಟುತ್ತಿತ್ತು. ಅದೂ ಕಿವಿಯನ್ನು ಮರಳಿಗೆ ತಾಗಿಸಿದರೆ ಕೇಳೀತು, ಇಲ್ಲದಿದ್ದರೆ ಇಲ್ಲ. ಮಳೆ ಬಿದ್ದಾಗ ಬೆಕ್ಕಿನ ಹಾಗೆ ಸದ್ದಿಲ್ಲದೆ ಬಂದುಬಿಡುತ್ತಿತ್ತು.

ಆ ಹಳ್ಳದ ದಂಡೆಯಲ್ಲಿ ಮಾಳವ್ವ ಅಂತ ಕುರಿ ಕಾಯುವವಳೊಬ್ಬಳಿದ್ದಳು. ಅವಳಿಗೆ ಒಂದು ಹಿಂಡು ಕುರಿ, ಆರು ತಿಂಗಳ ಕೂಸು ಲಗಮಿ, ಮತ್ತೆ ಕೆಂದ ಅನ್ನೋ ಕೆಂಪು ನಾಯಿ. ಕೆಂದನ ಬಾಯಿ ಒಂದು ಗಳಿಗೆ ಸುಮ್ಮನಿದ್ದರೆ ಕೇಳಿ! ಅಯ್ಯಯ್ಯ, ಏನು ಮಾತು ಅಂತೀರಿ!

"ಅವ್ವಾ, ಇರುವಿ ಸಾಲು ಬಲಕ್ಕ ಹೊಂಟಾವ!"

"ಹೂಂ."

"ಅವ್ವಾ, ಬೋಳ ಟಗರು ನನ್ನ ನೋಡಿ ನಕ್ಕತು!"

"ಹೂಂ."

"ಅವ್ವಾ, ನಿನ್ನೆ ಇದ್ದ ಮೋಡ ಇವತ್ತಿಲ್ಲ. ಎಲ್ಲಿಗೆ ಹೋತು?"

"ಹೂಂ."

ಮಾಳವ್ವ ಕೆಟ್ಟವಳು ಅಂದುಕೊಳ್ಳಬೇಡಿ ಮತ್ತೆ. ಕುರಿ ಕಾಯುವವರ ಕೈ ಖಾಲಿ ಇರುವ ಹಾಗಿಲ್ಲ. ಕಾಲು ಕುರಿಯ ಹಿಂದೆ ನಡೆಯುತ್ತಿದ್ದರೂ ಕೈಯಲ್ಲಿ ತಕಲಿ ತಿರುಗುತ್ತಲೇ ಇರಬೇಕು, ಕಂಬಳಿಗೆ ಉಣ್ಣೆ ನೂಲುತ್ತಲೇ ಇರಬೇಕು. ಕಣ್ಣು ಒಂಚೂರು ಆಚೆ ಹೋದರೆ ಎಳೆ ಪಟ್ಟನೆ ಹರಿಯುತ್ತದೆ. ಅದಕ್ಕೇ ಅವಳು ಕಣ್ಣನ್ನು ಎಳೆಗೆ ಕೊಟ್ಟು ಕಿವಿಯನ್ನು ಕೆಂದನಿಗೆ ಕೊಟ್ಟಿದ್ದಳು. ಬರಬರುತ್ತಾ ಕಿವಿಯೂ ಎಳೆಯ ಕಡೆಗೇ ಹೋಯಿತು. ಕೆಂದನಿಗೆ ಉಳಿದದ್ದು ಹೂಂ ಒಂದೇ. ಅವನ ಕಣ್ಣು ಯಾವ ಬಣ್ಣ ಅಂತ ಕೇಳಿದ್ದರೆ ಅವಳು ತಡವರಿಸುತ್ತಿದ್ದಳು.

ಒಂದು ಬೇಸಿಗೆಯ ಮಧ್ಯಾಹ್ನ. ಹಳ್ಳ ಪೂರ್ತಿ ಬತ್ತಿತ್ತು. ನಡುಹಳ್ಳದ ಮರಳು ತಂಪು, ಅಲ್ಲಿ ಮುಳ್ಳಿಲ್ಲ, ಇರುವೆಯಿಲ್ಲ. ಮಾಳವ್ವ ಮೂರು ಕೋಲು ನೆಟ್ಟು, ತುದಿ ಸೇರಿಸಿ ಬಿಗಿದು, ಕಂಬಳಿಯ ಜೋಳಿಗೆ ಕಟ್ಟಿ ಲಗಮಿಯನ್ನು ಮಲಗಿಸಿದಳು. ನರಿಗೆ ನಿಲುಕಬಾರದು ಅಂತ ಎತ್ತರಕ್ಕೆ ಕಟ್ಟಿದಳು. ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿದಳು.

"ಕೆಂದಾ, ಕೂಸಿನ ಕಡೆ ಲಕ್ಷ್ಯ ಇರಲಿ. ಕುರಿ ಗುಡ್ಡಕ್ಕ ಹತ್ತಿಸಿ ಬರ್ತೇನಿ," ಅಂದು ಹೋದಳು.

ಕೆಂದ ಜೋಳಿಗೆಯ ಕೆಳಗೆ ಕೂತ. ಆಕಾಶದಲ್ಲಿ ಒಂದು ತುಣುಕು ಮೋಡವಿಲ್ಲ. ಆದರೆ ಮೂಗಿಗೆ ಎಲ್ಲಿಂದಲೋ ಹಸಿ ಮಣ್ಣಿನ ವಾಸನೆ ಬಂತು. ದೂರದಲ್ಲೆಲ್ಲೋ ಮಳೆ ಬಿದ್ದಿರಬೇಕು. ಅವನು ಕಿವಿಯನ್ನು ಮರಳಿಗೆ ಒತ್ತಿದ.

"ಬರಾಕ ಹತ್ತೇನಿ... ಬರಾಕ ಹತ್ತೇನಿ..." ಹಳ್ಳ ಪಿಸುಗುಟ್ಟುತ್ತಿತ್ತು.

ಕೆಂದ ದಡಬಡಿಸಿ ಎದ್ದ. ಜೋಳಿಗೆಗೆ ಎಗರಿದ, ನಿಲುಕಲಿಲ್ಲ. ಕೋಲು ಕಚ್ಚಿ ಜಗ್ಗಿದ, ಅಲುಗಲಿಲ್ಲ. "ಅವ್ವಾ! ಅವ್ವಾ!" ಅಂತ ಗುಡ್ಡದ ಕಡೆ ಕೂಗಿದ. ಗಾಳಿ ಆ ಕೂಗನ್ನು ಬೇರೆ ಯಾವುದೋ ದಿಕ್ಕಿಗೆ ಒಯ್ದುಬಿಟ್ಟಿತು. ಓಡಿ ಹೋಗಿ ಕರೆತರೋಣ ಅಂದರೆ ಅಷ್ಟರೊಳಗೆ ನೀರು ಬಂದುಬಿಡುತ್ತದೆ. ಜೋಳಿಗೆಯಲ್ಲಿ ಲಗಮಿ ಬೆರಳು ಚೀಪುತ್ತಾ ಮಲಗಿದ್ದಳು.

ಕೆಂದ ನೀರಿಗೆ ಎದುರಾಗಿ ಓಡಿದ. ತಿರುವು ದಾಟುತ್ತಿದ್ದ ಹಾಗೇ ಕಂಡಿತು. ಕೆಂಪು ನೀರು ಗೋಡೆಯಷ್ಟು ಎತ್ತರ ಎದ್ದು, ಸದ್ದೇ ಇಲ್ಲದೆ ಬರುತ್ತಿತ್ತು.

"ತಾಯೀ, ನಿಂದ್ರು! ಮುಂದ ನಮ್ಮ ಕೂಸು ಮಲಗೇತಿ!"

ಹಳ್ಳ ಪಿಸುಗುಟ್ಟಿತು. "ನಿಂದ್ರಾಕ ನನಗ ಎಲ್ಲಿ ಆಕ್ಕೇತಪ್ಪಾ? ಹಿಂದಿನ ನೀರು ನೂಕಾಕ ಹತ್ತೇತಿ. ನನಗೂ ಅಂಜಿಕಿ ಆಗೇತಿ. ದನಿ ಇದ್ದಿದ್ರ ಅದಕ್ಕ ತಡಿ ಅಂತ ಕೂಗಿ ಹೇಳ್ತಿದ್ದೆ."

"ನನ್ನ ದನಿ ತಗೋ!"

"ಕೊಟ್ಟರ ತಿರುಗಿ ಬರಂಗಿಲ್ಲ. ಮಾತೆಲ್ಲಾ ಹೋಗ್ತಾವ."

"ಹೋಗಲಿ! ಎಲ್ಲಾ ತಗೋ! ಲಗೂನ ತಗೋ!"

ಕೆಂದ ಮೂತಿಯನ್ನು ನೀರಿಗೆ ಅದ್ದಿ ತನ್ನ ಮಾತನ್ನೆಲ್ಲಾ ಬಿಟ್ಟುಕೊಟ್ಟ. ಗಂಟಲಿನ ತಳಕ್ಕೆ ಅಂಟಿಕೊಂಡಿದ್ದ ಒಂದು "ಬೌ" ಮಾತ್ರ ಉಳಿಯಿತು. ಹಳ್ಳ ಹಿಂದೆ ತಿರುಗಿ, ಮೊಟ್ಟಮೊದಲ ಸಲ, ಗಟ್ಟಿಯಾಗಿ ಕೂಗಿತು. "ತಡೀ!" ನೀರು ಬೆಚ್ಚಿ ನಿಂತಿತು.

"ಬಾಳ ಹೊತ್ತು ನನ್ನ ಮಾತು ಕೇಳಂಗಿಲ್ಲ ಅದು," ಅಂದಿತು ಹಳ್ಳ. "ಅಗಾ, ಆ ಬಂಡೆಗಲ್ಲಿನ ನೆರಳು ಲಕ್ಕಿ ಗಿಡಕ್ಕ ಮುಟ್ಟೂತನಕ. ಓಡು!"

ಕೆಂದ ಓಡಿದ. ಬಂಡೆಯ ನೆರಳಿಗೂ ಲಕ್ಕಿ ಗಿಡಕ್ಕೂ ನಡುವೆ ನಾಲ್ಕು ಮೊಳ ಇತ್ತು. ಅರ್ಧ ಗುಡ್ಡ ಹತ್ತಿದ ಮೇಲೆ ಅವನಿಗೆ ಹೊಳೆಯಿತು. ಅಯ್ಯೋ, ಅವ್ವನಿಗೆ ಹೇಳುವುದು ಹೇಗೆ? ಆದರೂ ಓಡಿದ.

ಮಾಳವ್ವ ತಕಲಿ ತಿರುಗಿಸುತ್ತಾ ನಿಂತಿದ್ದಳು. ಕೆಂದ ಅವಳ ಮುಂದೆ ಬಂದು ನಿಂತು ಬಾಯಿ ತೆರೆದ. ಬರೀ ಏದುಸಿರು.

"ಹೂಂ," ಅಂದಳು ಮಾಳವ್ವ, ಎಳೆಯಿಂದ ಕಣ್ಣು ತೆಗೆಯದೆ.

ಯಾರೂ ಏನೂ ಹೇಳಿರಲಿಲ್ಲ.

ಕೆಂದ "ಬೌ" ಅಂದ. ಅವಳು "ಹೂಂ" ಅಂದಳು. ನಾಲ್ಕು ಹೆಜ್ಜೆ ಹಳ್ಳದ ಕಡೆ ಓಡಿ, ನಿಂತು, ತಿರುಗಿ ನೋಡಿದ. ಅವಳು ಬರಲಿಲ್ಲ. ಮತ್ತೆ ಬಂದ, ಮತ್ತೆ ಓಡಿದ, ಮತ್ತೆ ತಿರುಗಿ ನೋಡಿದ. ಬರಲಿಲ್ಲ. ಕೆಳಗೆ ನೆರಳು ಗಿಡದ ಕಡೆ ತೆವಳುತ್ತಿತ್ತು. ಸೀರೆಯ ಅಂಚು ಹಿಡಿದು ಜಗ್ಗಿದ.

"ಲೇ, ಬಿಡೋ! ಆಟ ಆಡೂ ಹೊತ್ತೇನು ಇದು?" ಅಂತ ಅವಳು ಕೋಲು ಎತ್ತಿದಳು.

ಕೆಂದ ಏಟು ಬಿದ್ದರೂ ಬೀಳಲಿ ಅಂತ ಎಗರಿ ನೂಲಿನ ಎಳೆಗೇ ಬಾಯಿ ಹಾಕಿದ. ಎಳೆ ಹರಿಯಿತು. ತಕಲಿ ಉರುಳಿ ಹೋಯಿತು.

ಬೈಯಬೇಕು ಅಂತ ಮಾಳವ್ವ ತಲೆ ಎತ್ತಿದಳು. ಎತ್ತಿದವಳಿಗೆ ಕೆಂದನ ಮುಖ ಕಂಡಿತು. ಎಷ್ಟು ದಿನವಾಗಿತ್ತೋ ಅವಳು ಆ ಮುಖ ನೋಡಿ! ಜೇನಿನ ಬಣ್ಣದ ಕಣ್ಣು ರೆಪ್ಪೆ ಹೊಡೆಯುತ್ತಿರಲಿಲ್ಲ. ಕಿವಿ ತಲೆಗೆ ಅಂಟಿಕೊಂಡಿತ್ತು. ಬಾಲ ಕಾಲಿನ ನಡುವೆ ಇತ್ತು. ಮೂತಿಯಿಂದ ಕೆಂಪು ನೀರು ತೊಟ್ಟಿಕ್ಕುತ್ತಿತ್ತು.

"ಯಾಕೋ ಕೆಂದಾ? ಏನಾತೋ? ಮಾತಾಡೋ!"

ಕೆಂದ ಮಾತಾಡಲಿಲ್ಲ. ಅವಳ ಕಣ್ಣು ನೋಡಿದ. ಅವಳೂ ನೋಡಿದಳು. ಆ ಅಂಜಿಕೆ ಅವನ ಕಣ್ಣಿನಿಂದ ಅವಳ ಹೊಟ್ಟೆಗೆ ನೇರ ಇಳಿಯಿತು.

"ನನ್ನ ಕೂಸು!" ಅಂದಳು.

ಕೆಂದ ಮುಂದೆ ಓಡಿದ, ನಿಂತ, ತಿರುಗಿ ನೋಡಿದ. ಈ ಸಲ ಅವಳು ಬರುತ್ತಿದ್ದಳು. ಮುಳ್ಳು ಚುಚ್ಚಿದರೂ, ಕಲ್ಲು ಜಾರಿದರೂ, ಬಿದ್ದು ಎದ್ದು ಬರುತ್ತಿದ್ದಳು. ಹಳ್ಳಕ್ಕೆ ಇಳಿದಾಗ ನಾಲ್ಕು ಮೊಳದಲ್ಲಿ ಎರಡು ಬೆರಳು ಉಳಿದಿತ್ತು. ಜೋಳಿಗೆಯ ಗಂಟು ಬಿಚ್ಚಲು ಹೋದಳು, ಬಿಚ್ಚಲಿಲ್ಲ. ತಾನೇ ಹಾಕಿದ ಗಂಟು! ಮೂರು ಕೋಲನ್ನೂ ಮರಳಿನಿಂದ ಒಟ್ಟಿಗೆ ಕಿತ್ತು, ಜೋಳಿಗೆಯ ಸಮೇತ ಎದೆಗೆ ಅವಚಿಕೊಂಡು ದಂಡೆ ಹತ್ತಿದಳು.

ನೆರಳು ಲಕ್ಕಿ ಗಿಡಕ್ಕೆ ಮುಟ್ಟಿತು. ಹಳ್ಳ ಭೋರ್ ಎಂದು ನುಗ್ಗಿತು.

ಮಾಳವ್ವ ಕೂಸನ್ನು ಒತ್ತಿಕೊಂಡು ಕೂತಳು. ನೀರಿನ ಸದ್ದಿನೊಳಗೆ ಯಾರದೋ ದನಿ ಕೇಳಿದ ಹಾಗಾಯಿತು. ಕಿವಿಗೊಟ್ಟು ಕೇಳಿದಳು. ಇರುವಿ ಸಾಲು ಬಲಕ್ಕ ಹೊಂಟಾವ... ಟಗರು ನಕ್ಕತು... ನಿನ್ನೆ ಇದ್ದ ಮೋಡ ಎಲ್ಲಿಗೆ ಹೋತು...

ಅವಳು ಪಕ್ಕಕ್ಕೆ ತಿರುಗಿದಳು. ಕೆಂದ ಬಾಯಿ ಮುಚ್ಚಿಕೊಂಡು ಕೂತಿದ್ದ. ಅವನು ಏನು ಕೊಟ್ಟು ಏನು ಉಳಿಸಿದ ಅಂತ ಅವಳಿಗೆ ಆಗ ಗೊತ್ತಾಯಿತು. ಅವನ ಕತ್ತಿಗೆ ಬಿದ್ದು ಅತ್ತಳು. ನೀರು ಇಳಿಯುವವರೆಗೂ ಅಲ್ಲೇ ಕೂತು, ಅವನ ಹಳೆಯ ಮಾತುಗಳನ್ನು ಒಂದೂ ಬಿಡದೆ ಕೇಳಿದಳು. ಒಂದಕ್ಕೂ ಹೂಂ ಅನ್ನಲಿಲ್ಲ.

ಆಮೇಲೆ ಅವಳು ನೂಲುವುದು ಬಿಟ್ಟಳೇ? ಇಲ್ಲಪ್ಪ, ಕಂಬಳಿ ಬೇಕಲ್ಲ. ಆದರೆ ನಡುನಡುವೆ ತಕಲಿ ನಿಲ್ಲಿಸಿ ಕೆಂದನ ಮುಖ ನೋಡುತ್ತಿದ್ದಳು. ಕಿವಿ ಹೀಗಿದ್ದರೆ ಹಸಿವು, ಬಾಲ ಹಾಗಿದ್ದರೆ ಖುಷಿ, ಅಂತ ನಿಧಾನವಾಗಿ ಕಲಿತಳು. ಎಷ್ಟೋ ಸಲ ತಪ್ಪು ತಿಳಿಯುತ್ತಿದ್ದಳು. ಆಗ ಕೆಂದ ಕತ್ತು ವಾರೆ ಮಾಡಿ, ಅವಳಿಗೆ ತಿಳಿಯುವವರೆಗೂ ಕಾಯುತ್ತಿದ್ದ. ಲಗಮಿ ದೊಡ್ಡವಳಾದಾಗ ಅವಳಿಗೂ ಅದನ್ನೇ ಕಲಿಸಿದಳು.

ಅವತ್ತಿನಿಂದ ಹಳ್ಳಕ್ಕೆ ಸುಮ್ಮನೆ ಹರಿಯೋಕೆ ಬರುವುದಿಲ್ಲ, ಮಾತಾಡುತ್ತಲೇ ಹರಿಯುತ್ತದೆ. ಮತ್ತೆ ನಿಮ್ಮ ನಾಯಿ ದಾರಿಯಲ್ಲಿ ನಿಮಗಿಂತ ನಾಲ್ಕು ಹೆಜ್ಜೆ ಮುಂದೆ ಓಡಿ, ನಿಂತು, ತಿರುಗಿ ನಿಮ್ಮ ಮುಖ ನೋಡುತ್ತದಲ್ಲ, ಅದು ಯಾಕೆ ಗೊತ್ತೇ? ಬರುತ್ತಾರೋ ಇಲ್ಲವೋ ಅನ್ನುವ ಅವತ್ತಿನ ಅಂಜಿಕೆ ಅದಕ್ಕೆ ಇನ್ನೂ ಹೋಗಿಲ್ಲ.