ಆಳ ಅಳೆದ ಸೀಸದ ಗಟ್ಟಿ

ಕಡಲ ವಸ್ತುಸಂಗ್ರಹಾಲಯಕ್ಕೆ ತರಬೇತಿಗೆ ಬಂದು ಅಲ್ಲಿನ ವಸ್ತುಗಳ ಚರಿತ್ರೆ ಬರೆಯುತ್ತಿದ್ದ ಜಾನಕಿ ಹರಿಕಂತ್ರ, ಗುಜರಿಗೆ ಹಾಕಲಿದ್ದ ಸೀಸದ ಗಟ್ಟಿಯೊಂದನ್ನು ಕೈಗೆತ್ತಿಕೊಂಡಳು.

"ಅದನ್ನು ಬಿಡು, ನನ್ನ ಚರಿತ್ರೆ ಬರೆ," ಎಂದಿತು ಕಂಚಿನ ಫಿರಂಗಿ. "ನಾನು ಮೂರು ಹಡಗು ಮುಳುಗಿಸಿದವನು."

"ನೀನೇನು ಮಾಡಿದೆ?" ಎಂದು ಜಾನಕಿ ಗಟ್ಟಿಯನ್ನು ಕೇಳಿದಳು.

"ನನ್ನನ್ನು ಹಗ್ಗಕ್ಕೆ ಕಟ್ಟಿ ನೀರಿಗಿಳಿಸುತ್ತಿದ್ದರು. ಆಳ ಎಷ್ಟೆಂದು ತಿಳಿಸುತ್ತಿದ್ದೆ. ಹಡಗು ಬಂಡೆಗೆ ತಾಗದೆ ಸಾಗುತ್ತಿತ್ತು. ಅನಾಹುತವೇ ಆಗದ ಮೇಲೆ ಯಾರು ಬರೆದಿಡುತ್ತಾರೆ?"

ಫಿರಂಗಿ, "ನೀನು ಯಾವ ಹಡಗಿನಲ್ಲಿದ್ದೆ?" ಎಂದು ಕೇಳಿತು.

"ನಿನ್ನ ಹಡಗಿನಲ್ಲೇ," ಎಂದಿತು ಗಟ್ಟಿ.

"ಜಾನಕಿ, ಮೊದಲು ಇದರದ್ದು ಬರೆ," ಎಂದಿತು ಫಿರಂಗಿ. "ಅಷ್ಟು ದೂರ ಹೋಗಿ ನಾವೆಲ್ಲ ಜೀವಂತವಾಗಿ ದಡ ಸೇರಿದ್ದು ಹೇಗೆಂದು ನನಗೆ ಇವತ್ತು ಗೊತ್ತಾಯಿತು."

ಜಾನಕಿ ಹೊಸ ಹಾಳೆ ತೆಗೆದುಕೊಂಡಳು.