ಬೆಳಕು ಕಂಡರೆ ಬಿಳಿಚುವ ಕಲ್ಲು

ಭೂಮಿಯ ಒಡಲು ಇನ್ನೂ ಕುದಿಯುತ್ತಿದ್ದ ಕಾಲ. ಕಲ್ಲುಗಳೆಲ್ಲ ಆಗಷ್ಟೇ ಮನೆ ಕಟ್ಟಿಕೊಳ್ಳುತ್ತಿದ್ದವು.

ಎಲ್ಲ ಕಡೆ ಮರಳು ಬೇಕಾದಷ್ಟಿತ್ತು. ಒಂದು ಕಡೆ ಮಾತ್ರ ಸಾಲದೆ ಬಂತು. ಅಲ್ಲಿ ಎದ್ದ ಮನೆಯ ಗೋಡೆಗಳು ತೆಳು, ಒಳಗೆಲ್ಲ ಟೊಳ್ಳು ಕೋಣೆಗಳು. ಮೇಲೆ ಕೂತ ಗುಡ್ಡಪ್ಪನೋ ಬಲು ಭಾರ. ಅದಕ್ಕೇ ಉಪ್ಪಿನ ಮಕ್ಕಳು ಕೋಣೆಗೊಬ್ಬರಂತೆ ಒಳಗೆ ಕೂತು ಗೋಡೆಗೆ ಬೆನ್ನು ಕೊಟ್ಟರು.

ಗುಡ್ಡಪ್ಪ ಮಗ್ಗುಲು ಬದಲಿಸುವಾಗಲೆಲ್ಲ ಪ್ರತಿ ಕೋಣೆಯ ಗೋಡೆ ತಟ್ಟಿ, ಒಳಗೆ ಯಾರು ಎಂದು ಕೇಳುತ್ತಿದ್ದ. ಒಳಗಿದ್ದವರು ಓಗೊಡಬೇಕು. ಉತ್ತರ ಬಾರದ ಕೋಣೆಯನ್ನು ಅವನು ತುಳಿದುಬಿಡುತ್ತಿದ್ದ. ಒಂದು ಕುಸಿದರೆ ಪಕ್ಕದ್ದು, ಆಮೇಲೆ ಅದರ ಪಕ್ಕದ್ದು. ಹಾಗೆ ಪುಡಿಯಾದ ಮನೆಗಳ ಸದ್ದು ದೂರದಿಂದ ಕೇಳಿದಾಗ ಉಪ್ಪಿನ ಮಕ್ಕಳು ಗೋಡೆಗೆ ಇನ್ನಷ್ಟು ಒತ್ತಿ ಕೂರುತ್ತಿದ್ದರು.

ಒಮ್ಮೆ ಬಿಸಿನೀರು ಬಿರುಕಿನಲ್ಲಿ ನುಗ್ಗಿ ಅಕ್ಕಪಕ್ಕದ ಕೋಣೆಗಳ ಇಬ್ಬರು ಉಪ್ಪಿನ ಮಕ್ಕಳನ್ನು ಎಳೆದುಕೊಂಡು ಹೋಯಿತು.

ಅದೇ ನೀರಿನಲ್ಲಿ ತೇಲಿ ಬಂದವಳು ಗಂಧಕವ್ವ. ಮಡಿಲಲ್ಲಿ ಮಗಳು ಮಿಣುಕಿ. ಅವರಿದ್ದ ಊರು ಕರಗಿಹೋಗಿತ್ತು. ಉಪ್ಪಿನ ಮಕ್ಕಳು ಮೂಗು ಮುಚ್ಚಿಕೊಂಡರು. ನಿನ್ನ ವಾಸನೆಗೆ ಗುಡ್ಡಪ್ಪನೇ ಎದ್ದು ಓಡಿಯಾನು ಎಂದಳು ಅವರಲ್ಲಿ ಹಿರಿಯಳಾದ ಉಪ್ಪಜ್ಜಿ. ಆದರೂ ಜಾಗ ಕೊಟ್ಟಳು.

ಗಂಧಕವ್ವ ಇಬ್ಬರ ಬಲದವಳು. ಕೊಚ್ಚಿಹೋದ ಇಬ್ಬರ ಭಾರವನ್ನೂ ಹೊತ್ತಳು. ಆದರೆ ಕೂರಲು ಆದದ್ದು ಒಂದೇ ಕೋಣೆಯಲ್ಲಿ. ಪಕ್ಕದ್ದು ಖಾಲಿ ಉಳಿಯಿತು.

ದೂರದಲ್ಲಿ ಗೋಡೆ ತಟ್ಟುವ ಸದ್ದು ಶುರುವಾಯಿತು. ಹತ್ತಿರ ಬಂತು. ಇನ್ನೂ ಹತ್ತಿರ ಬಂತು.

ಎರಡೂ ಕಡೆ ತಾನೇ ಓಗೊಡುತ್ತೇನೆ ಎಂದಳು ಗಂಧಕವ್ವ. ಒಂದೇ ದನಿ ಎರಡು ಸಲ ಕೇಳಿದರೆ ಅವನಿಗೆ ಗೊತ್ತಾಗದೇ ಇರುತ್ತದೆಯೇ ಎಂದಳು ಉಪ್ಪಜ್ಜಿ.

"ಮಿಣುಕಿ, ಆ ಕೋಣೆಗೆ ಹೋಗಿ ಕೂತ್ಕೋ."

"ನೀನೂ ಬಾ ಅವ್ವ."

"ನಾನು ಎದ್ದರೆ ಈ ಗೋಡೆ ಬೀಳುತ್ತೆ."

ಮಿಣುಕಿ ಹೋದಳು. ಕತ್ತಲಲ್ಲಿ ಮೊಣಕಾಲು ಅಪ್ಪಿಕೊಂಡು, ಉಸಿರು ಬಿಗಿಹಿಡಿದು ಕೂತಳು. ಬಿಗಿಹಿಡಿದೂ ಹಿಡಿದೂ ಅವಳ ಮೈ ಕೆಂಪೇರಿತು. ಗೋಡೆಗಳಿಗೆಲ್ಲ ಗುಲಾಬಿ ಬಣ್ಣ ಹರಡಿತು.

"ಒಳಗೆ ಯಾರು?"

"ನಾನಿದ್ದೀನಿ."

"ದನಿ ಬಲು ಸಣ್ಣದು."

"ಕೋಣೆಯೂ ಸಣ್ಣದು, ತಾತ."

ಗುಡ್ಡಪ್ಪ ಗೋಡೆಯನ್ನು ಇನ್ನೊಮ್ಮೆ ಮೆಲ್ಲಗೆ ತಟ್ಟಿ ನೋಡಿದ. ಆಮೇಲೆ ಮುಂದಿನ ಗೋಡೆಗೆ ಹೋದ.

ಅಂದಿನಿಂದ ಮಿಣುಕಿ ಅಲ್ಲೇ ಕೂತಳು. ಯುಗಗಳು ಕಳೆದವು. ಮಳೆ, ಗಾಳಿ ಗುಡ್ಡವನ್ನು ಮೆಲ್ಲಮೆಲ್ಲನೆ ತಿಂದವು. ಒಂದು ಬೆಳಿಗ್ಗೆ ಕಲ್ಲು ಸೀಳಿ ಸೂರ್ಯ ಒಳಗೆ ಇಣುಕಿದ. ಬೆಳಕು ಎಂದರೇನೆಂದು ಮಿಣುಕಿಗೆ ಗೊತ್ತಿರಲಿಲ್ಲ. ಗುಡ್ಡಪ್ಪನೇ ಕಣ್ಣು ಬಿಟ್ಟು ನೋಡಿದ ಎಂದುಕೊಂಡು ಓಡಿಹೋಗಿ ಅವ್ವನ ಮಡಿಲಲ್ಲಿ ಮುಖ ಹುದುಗಿಸಿದಳು. ಕಲ್ಲು ಬೆಳ್ಳಗಾಯಿತು. ಈಗಷ್ಟೇ ಇದ್ದ ಬಣ್ಣ ಎಲ್ಲಿ ಎಂದು ಸೂರ್ಯ ಕೇಳಿದ.

ಕತ್ತಲಾದ ಮೇಲೆ ಅವಳಿಗೆ ಖಾಲಿ ಕೋಣೆಯ ನೆನಪಾಯಿತು. ಯಾರೂ ಹೇಳದೆ ತಾನೇ ಎದ್ದು ಹೋಗಿ, ಮತ್ತೆ ಉಸಿರು ಬಿಗಿಹಿಡಿದು ಕೂತಳು.

ಗುಡ್ಡ ಈಗ ಮೇಲಿಲ್ಲ ಎಂದು ಅವಳಿಗೆ ಇನ್ನೂ ಯಾರೂ ಹೇಳಿಲ್ಲ. ಅದಕ್ಕೇ ಕಂದಾ, ಆ ಕಲ್ಲನ್ನು ಒಡೆದಾಗ ಒಳಗೆ ಗುಲಾಬಿ ಬಣ್ಣ ಕಾಣುತ್ತದೆ, ಬಿಸಿಲಿಗೆ ಹಿಡಿದರೆ ನಿನ್ನ ಅಂಗೈಯಲ್ಲೇ ನೋಡನೋಡುತ್ತ ಬಿಳಿಚಿಕೊಳ್ಳುತ್ತದೆ, ಕತ್ತಲಲ್ಲಿಟ್ಟು ಕಾದರೆ ಮೆಲ್ಲಗೆ ಮತ್ತೆ ಕೆಂಪೇರುತ್ತದೆ.