ಒಲೆ ಕಡೆಗೆ ಬಿದ್ದ ನೆರಳು

"ಸರ್, ಇನ್ನೆಷ್ಟು ತಿದ್ದಿದ್ರೆ ಈ ಬೆಳಕು ಸರಿಹೋಗತ್ತೆ?" ಅಂತ ಮಂದಾಕಿನಿ ಕೇಳೇಬಿಟ್ಟಳು.

ಪಾಪ, ಸಾಕಾಗಿಹೋಗಿತ್ತು ಅವಳಿಗೆ! ಅನಿಮೇಷನ್ ಸಿನಿಮಾದ ಒಂದೇ ಒಂದು ಶಾಟು. ಅಜ್ಜಿಯೊಬ್ಬಳು ಉರಿಯೋ ಒಲೆ ಮುಂದೆ ಕೂತಿರ್ತಾಳೆ, ಅಷ್ಟೇ. ಲೈಟಿಂಗ್ ಮಾಡೋ ಭೋಜಣ್ಣ ಕಂಪ್ಯೂಟರಿನೊಳಗೆ ದೀಪಗಳನ್ನ ಇಟ್ಟು, ಆ ಬೆಳಕಲ್ಲಿ ಚಿತ್ರ ತೆಗೆಸಿ, ಅಂದ್ರೆ ರೆಂಡರ್ ಮಾಡಿ, ಒಂದೊಂದು ಬೆಳಕನ್ನೂ ಬೇರೆ ಬೇರೆ ಪದರ ಮಾಡಿ ಕಳಿಸಿದ್ದ. ಅವನ್ನೆಲ್ಲ ಒಂದರ ಮೇಲೊಂದು ಕೂರಿಸಿ, ಹೆಚ್ಚುಕಮ್ಮಿ ಮಾಡಿ, ಹದಕ್ಕೆ ತರೋದು ಇವಳ ಕೆಲಸ. ನೋಡಿದ್ರೆ ಅಜ್ಜಿ ನೆರಳು ಒಲೆ ಕಡೆಗೇ ಬಿದ್ದಿದೆ! ಬೆಂಕಿ ಕಡೆಗೆ ಎಲ್ಲಾದ್ರೂ ನೆರಳು ಬೀಳತ್ತಾ? ಬೆಳಿಗ್ಗೆಯಿಂದ ಬೆಳಕು ಏರಿಸಿದಳು, ಇಳಿಸಿದಳು, ಕೆಂಪು ಬೆರೆಸಿದಳು, ನೆರಳಿನ ಮೇಲೆ ಹೊಗೆ ಬೇರೆ ಹಾಕಿದಳು. ಕಣ್ಣು ಉರಿಯಿತೇ ಹೊರತು ನೆರಳು ಜಗ್ಗಲಿಲ್ಲ. ಸಂಜೆ ನಿರ್ದೇಶಕರು ನೋಡೋಕೆ ಬರ್ತಾರೆ. ದೀಪ ಸರಿಸಿ ಇನ್ನೊಮ್ಮೆ ರೆಂಡರ್ ಮಾಡೋಕೆ ಈಗಲೂ ಹೊತ್ತಿದೆ, ಆದ್ರೆ ಭೋಜಣ್ಣನ್ನ ಕೇಳೋರ್ಯಾರು? "ಮತ್ತೆ ರೆಂಡರ್ ಅಂತ ಬಂದ್ರೆ ನೋಡು!" ಅಂತ ನಿನ್ನೆ ತಾನೇ ಗದರಿದ್ದ.

ಅವಳಿಗೆ ಕೆಲಸ ಕಲಿಸಿದ ಯತಿರಾಜ್ ಸರ್ ಕುರ್ಚಿ ಎಳೆದುಕೊಂಡು ಕೂತರು. ಅವರ ಕಣ್ಣೂ ಕೆಂಪಗಿತ್ತು. ನಿಧಾನಕ್ಕೆ ಹೇಳಿದರು.

"ಒಬ್ಬ ತೊಗಲುಗೊಂಬೆ ಆಡಿಸುವವನಿದ್ದ. ದೀಪ ಕಟ್ಟುವುದು ಅವನ ಅಣ್ಣನ ಕೆಲಸ. ಒಂದು ಊರಿನಲ್ಲಿ ಆಟ ಶುರುವಾಯಿತು. ಪರದೆಯ ಮೇಲೆ ರಾವಣನ ಪಕ್ಕ ಆಡಿಸುವವನ ತಲೆಯ ನೆರಳೂ ಬಿತ್ತು. ಅಣ್ಣ ದೀಪವನ್ನು ಅವನ ಬೆನ್ನ ಹಿಂದೆ ಕಟ್ಟಿದ್ದ. 'ಏನ್ರಪ್ಪಾ, ರಾವಣನಿಗೆ ಹನ್ನೊಂದನೇ ತಲೆ ಹುಟ್ಟಿದೆ!' ಎಂದು ಜನ ನಕ್ಕರು. ಆಡಿಸುವವನು ಬತ್ತಿ ಏರಿಸಿದ. ತಲೆ ಇನ್ನೂ ಕಪ್ಪಾಯಿತು. ಬತ್ತಿ ಇಳಿಸಿದ. ರಾವಣನೇ ಮಂಕಾದ. ಬಗ್ಗಿಕೊಂಡು ಆಡಿಸಿದ. ಸೊಂಟ ಹಿಡಿಯಿತು. ಅಣ್ಣ ಪಕ್ಕದಲ್ಲೇ, ಪರದೆ ಕಡೆ ನೋಡದೆ, ಜೋರಾಗಿ ತಾಳ ಹಾಕುತ್ತಿದ್ದ. ಅವನ ಬಾಯಿಗೆ ಹೆದರಿ ಇವನು ಸುಮ್ಮನಿದ್ದ. ಜನ ಒಬ್ಬೊಬ್ಬರಾಗಿ ಎದ್ದುಹೋದರು.

"ಪರದೆ ಮಡಚುವಾಗ ವಿಷಯ ತಿಳಿದು ಅಣ್ಣ ಹೇಳಿದ: 'ಮಂಕೇ, ಹಾಸ್ಯಕ್ಕೆ ನಗ್ತಿದ್ದಾರೆ ಅಂದ್ಕೊಂಡಿದ್ನಲ್ಲೋ. ಆಗಲೇ ಅಂದಿದ್ರೆ ಒಂದು ಬೈಗುಳ ಬೈದು ದೀಪ ಸರಿಸ್ತಿದ್ದೆ.'"

ಮಂದಾಕಿನಿ ತಲೆ ತಗ್ಗಿಸಿ, "ಆದ್ರೆ ಸರ್, ಭೋಜಣ್ಣ ಒಂದು ಬೈಗುಳಕ್ಕೆ ನಿಲ್ಲಿಸೋರಲ್ಲ" ಅಂದಳು.

"ಬೆಳಿಗ್ಗೆಯಿಂದ ಇಷ್ಟು ದಣಿದಿದ್ದೀಯಲ್ಲಮ್ಮ, ಅವನ ಬೈಗುಳ ಇದಕ್ಕಿಂತ ಭಾರವೇ?"